ಪುಣೆದಾಗ ಬಾಡಿಗಿಗೆ ತೊಗೊಂಡ ಸ್ಲೀಪಿಂಗ್ ಬ್ಯಾಗ್: ಬ್ಯಾಗ್ ಛಲೋ ಅದ, ಗಾಳಿ ಗಾದಿ ಮಾತ್ರ ತೊಗೋಬ್ಯಾಡ್ರಿ

ಡಿಸೆಂಬರ್ ಮೊದಲನೇ ವಾರ ಮಹಾರಾಷ್ಟ್ರದ ಭಂಡಾರದರಾದಾಗ ಟೆಂಟ್ ಹಾಕ್ಕೊಂಡು ಎರಡು ರಾತ್ರಿ ಇದ್ವಿ, ನಾನು, ನಮ್ಮ ಮನಿಯವ್ರು, ಧಾರವಾಡದಿಂದ ಬಂದಿದ್ದ ನನ್ನ ತಮ್ಮ. ಟೆಂಟ್ ನಮ್ಮದ ಇತ್ತು, ಸ್ಲೀಪಿಂಗ್ ಬ್ಯಾಗ್ ಇರಲಿಲ್ಲ, ವರ್ಷಕ್ಕ ಎರಡು ಸಲದ ಸಲುವಾಗಿ ಕೊಳ್ಳೋದು ಯಾಕ ಅಂತ ಪುಣೆದಾಗ ಟ್ರೆಕ್ಕಿಂಗ್ ಸಾಮಾನು ಬಾಡಿಗಿಗೆ ಕೊಡೋ ಒಂದು ಅಂಗಡ್ಯಾಗ ಮೂರು ಬ್ಯಾಗು, ಮೂರು ಗಾಳಿ ತುಂಬೋ ಗಾದಿ ತೊಗೊಂಡ್ವಿ. ಬ್ಯಾಗಿಗೆ ದಿನಕ್ಕ 120 ರೂಪಾಯಿ, ಗಾದಿಗೆ 80, ಡಿಪಾಸಿಟ್ 3000.

ಬ್ಯಾಗಿನ ಬಗ್ಗೆ ನನಗ ತಕರಾರಿಲ್ಲ. ಒಗದು ಒಣಗಿಸಿದ್ದು, ವಾಸನಿ ಇಲ್ಲ, ತಲಿ ಕಡೆ ಟೊಪಗಿ ಅದ, ದಾರ ಜಗ್ಗಿದ್ರ ಮುಖ ಅಷ್ಟ ಹೊರಗ ಉಳೀತದ. ಜಿಪ್ ಅಂಗಡ್ಯಾಗ ನಿಂತು ನಾಲ್ಕು ಸಲ ಎಳದು ನೋಡಿದೆ, ನೀವೂ ನೋಡ್ರಿ, ನಡುರಾತ್ರಿ ಬಟ್ಟಿ ಹಲ್ಲಿನಾಗ ಸಿಕ್ಕೊಂಡ್ರ ಭಾಳ ತ್ರಾಸ. "ಮೈನಸ್ ತನಕ ನಡೀತದ" ಅಂತ ಅಂಗಡಿಯವ್ರು ಹೇಳಿದ್ರು, ನಾವೂ ನಂಬಿದ್ವಿ.

ಮೊದಲನೇ ರಾತ್ರಿ ಅಲ್ಲಿನ ಆರ್ಥರ್ ಲೇಕಿನ ನೀರಿನ ದಂಡಿಗೇ ಟೆಂಟ್ ಹಾಕಿದ್ವಿ. ಮೂರು ಗಂಟೆಕ್ಕ ಎಚ್ಚರಾತು. ಎದಿ ಬೆಚ್ಚಗ ಅದ, ಸೊಂಟ ಬೆನ್ನು ಮಾತ್ರ ಥಂಡಿ ಹೊಡದು ಬಿಟ್ಟಾವ, ಮಗ್ಗಲಾ ಬದಲಿಸಿದ್ರ ಆ ಮಗ್ಗಲಾನೂ ಹಂಗ. ಬ್ಯಾಗಿನ ಕೆಳಗ ಕೈ ಹಾಕಿ ಗಾದಿ ಮುಟ್ಟಿದೆ, ಚಳಿಗಾಲದ ನಸುಕಿನ್ಯಾಗ ಶಹಾಬಾದ್ ಫರ್ಸಿ ಮುಟ್ಟಿದಂಗ ಇತ್ತು. ಮೊಬೈಲ್ ಬೆಳಕಿನಾಗ ಬ್ಯಾಗಿನ ಒಳಗಿನ ಲೇಬಲ್ ಓದಿದೆ: ಕಂಫರ್ಟ್ (ಆರಾಮ ನಿದ್ದಿ ಬರೋದು) 10 ಡಿಗ್ರಿ, ಲಿಮಿಟ್ (ಮುದುಡಿಕೊಂಡು ಹೆಂಗೋ ಮಲಗೋದು) 6, ಎಕ್ಸ್‌ಟ್ರೀಮ್ ಮೈನಸ್ 6. ಅಂಗಡಿಯವ್ರು ಹೇಳಿದ್ದು ಆ ಕೊನೀ ನಂಬರ್. ಅದು ನಿದ್ದಿ ಬರೋ ನಂಬರ್ ಅಲ್ಲರಿ, ಜೀವ ಉಳದ್ರ ಸಾಕು ಅನ್ನೋ ನಂಬರ್. ತೊಗೊಳ್ಳಾಕ ಹೋದಾಗ ಕಂಫರ್ಟ್ ನಂಬರ್ ಒಂದೇ ನೋಡ್ರಿ, ಥಂಡಿ ಜಾಸ್ತಿ ಆಗೋರಂತೂ ಆ ನಂಬರ್ ಹೋಗೋ ಜಾಗಾದ ರಾತ್ರಿ ಥಂಡಿಗಿಂತ ಮೂರ್ನಾಲ್ಕು ಡಿಗ್ರಿ ಕಡಿಮಿ ಇರೋದನ್ನ ತೊಗೋರಿ.

ಇನ್ನೊಂದು ಮಾತು, ಈ ನಂಬರ್ ತಗಿಯೋವಾಗ ಬ್ಯಾಗಿನ ಕೆಳಗ ಥಂಡಿ ತಡಿಯೋ ಮ್ಯಾಟ್ ಹಾಸಿ, ಗೊಂಬಿಗೆ ಬಟ್ಟಿ ಹಾಕಿ ಮಲಗಿಸಿ ಅಳೀತಾರ. ಅಂದ್ರ ಕೆಳಗ ಮ್ಯಾಟ್ ಸರಿ ಇರಲಿಲ್ಲಂದ್ರ ಲೇಬಲ್ಲಿನ ಮ್ಯಾಲಿಂದು ಯಾವುದೂ ನಿಮಗ ಅನ್ವಯಿಸೋದಿಲ್ಲ. ನಮ್ಮ ಮೈ ಭಾರಕ್ಕ ಬ್ಯಾಗಿನೊಳಗ ತುಂಬಿದ್ದು ಕೆಳಗ ಚಪ್ಪಟಿ ಆಗ್ತದ, ಚಪ್ಪಟಿ ಆದದ್ದು ಬೆಚ್ಚಗ ಇಡೋದಿಲ್ಲ, ಮತ್ತ ಆ ದಪ್ಪ ಗಾಳಿ ಗಾದಿ ಒಳಗ ಬರೇ ಗಾಳಿ, ಅದು ಒಳಗೊಳಗ ತಿರಗಾಡಿ ಮೈಯಾಗಿನ ಬಿಸಿ ಒಯ್ದು ನೆಲಕ್ಕ ಕೊಡ್ತದ. ಅವ್ವ ಥಂಡಿ ದಿನದಾಗ ಹೊಚ್ಚಿಕೊಳ್ಳಾಕ ಒಂದು ಕೌದಿ ಕೊಟ್ರ ಹಾಸಾಕ ಎರಡು ಕೊಡ್ತಿದ್ಲು, ಅದು ಯಾಕಂತ ನನಗ ಆ ರಾತ್ರಿ ತಿಳೀತು.

ಮುಂಜಾನೆ ಟೆಂಟಿನ ಛತ್ತಿಗೆ ಹನಿ ಸಾಲು ಹಿಡಿದಿತ್ತು, ತಮ್ಮನ ಬ್ಯಾಗಿನ ಕಾಲ ಕಡೆ ಹಸಿ ಆಗಿತ್ತು. ಥಂಡಿ ಅಂತ ಮ್ಯಾಲಿನ ಕಿಂಡಿ ಎಲ್ಲಾ ಮುಚ್ಚಿದ್ವಿ, ಮೂರು ಮಂದಿ ಉಸಿರಿನ ನೀರು ಎಲ್ಲಿ ಹೋಗಬೇಕು?

ಎರಡನೇ ರಾತ್ರಿ ಟೆಂಟ್ ದಂಡಿ ಬಿಟ್ಟು ಮ್ಯಾಲ ಒಯ್ದ್ವಿ, ಯಾಕಂದ್ರ ಥಂಡಿ ಗಾಳಿ ತಗ್ಗಿಗೆ ಬಂದು ಕೂಡ್ತದ. ಹತ್ರದ ಮನಿಯವ್ರ ಕಡೆ ಭತ್ತದ ಹುಲ್ಲು ಕೇಳಿದ್ರ ಎರಡು ಹೊರಿ ಕೊಟ್ರು, ಮ್ಯಾಲ ಎರಡು ಘೊಂಗಡಿನೂ (ಉಣ್ಣಿ ಕಂಬಳಿ) ಕೊಟ್ರು, ರೊಕ್ಕ ಅಂದ್ರ ಬ್ಯಾಡ ಅಂದ್ರು. ಹುಲ್ಲು ಹರವಿ ಮ್ಯಾಲ ಟೆಂಟ್, ಒಳಗ ಘೊಂಗಡಿ ಹಾಸಿದ್ವಿ, ಗಾಳಿ ಗಾದಿ ಕಾರಿನ್ಯಾಗ ಉಳೀತು. ಕಿಂಡಿ ತಗದಿಟ್ವಿ, ಬೆವರಿನ ಬನಿಯನ್ ಬದಲಿಸಿ ಒಣಾ ಬಟ್ಟಿ ಹಾಕ್ಕೊಂಡ್ವಿ, ಸಾದಾ ಸ್ಟೀಲ್ ಬಾಟಲಿಗೆ ಬಿಸಿನೀರು ತುಂಬಿ ಮುಚ್ಚಳಾ ಬಿಗಿ ಮಾಡಿ ಕಾಲಚೀಲದಾಗ ಹಾಕಿ ಬ್ಯಾಗಿನೊಳಗ ಇಟ್ವಿ, ಥರ್ಮಾಸ್ ಆದ್ರ ಬಿಸಿ ಹೊರಗ ಬರೋದಿಲ್ಲ. ಬಾಜೂ ಟೆಂಟಿನವ್ರು ಕೆಂಡದ ಶಿಗಡಿ ಒಳಗ ಇಡ್ರಿ ಅಂದ್ರು. ಅದನ್ನ ಎಂದೂ ಮಾಡಬ್ಯಾಡ್ರಿ, ಕಾರ್ಬನ್ ಮೊನಾಕ್ಸೈಡಿಗೆ ವಾಸನಿ ಇಲ್ಲ, ಮಲಗಿದವ್ರು ಏಳೋದಿಲ್ಲ. ಆ ರಾತ್ರಿ ಅದೇ ಬ್ಯಾಗಿನ್ಯಾಗ ಆರೂವರಿ ತನಕ ಮೂರೂ ಮಂದಿ ಮಲಗಿದ್ವಿ.

ಬ್ಯಾಗಿಗೆ ಐದಕ್ಕ ನಾಲ್ಕು, ಗಾದಿಗೆ ಒಂದು. ವಾಪಸ್ ಕೊಡಾಕ ಹೋದಾಗ ಎಲ್ಲಾ ಹೇಳಿದೆ, ಅಂಗಡಿಯವ್ರು ಶಾಂತ ಕೇಳ್ಕೊಂಡು ಅಟ್ಟದ ಮ್ಯಾಲಿಂದ ಫೋಮ್ ಮ್ಯಾಟ್ ಇಳಿಸಿ ತೋರಿಸಿದ್ರು, ಬಾಡಿಗಿ ಬರೇ 40 ರೂಪಾಯಿ, ಯಾರೂ ಕೇಳೋದಿಲ್ಲಂತ. ಜನವರಿಗೆ ಮೂರು ಮಂದಿಗೆ ಆರು ಮ್ಯಾಟ್ ಹೇಳಿಟ್ಟು ಬಂದೀನಿ, ಒಬ್ಬೊಬ್ಬರಿಗೆ ಎರಡೆರಡು. ಡಿಪಾಸಿಟ್ ಪೂರಾ ವಾಪಸ್ ಬಂತು.