ಇನ್‌ಕಮ್ ಟ್ಯಾಕ್ಸ್ ಕಟ್ಟಬೇಕಾಗಿಲ್ಲ ಅನ್ನೋರಿಗೆ ದುಡ್ಡು ಕೊಡಬೇಡಿ, ನಾನು ಕೊಟ್ಟು ಕೆಟ್ಟೆ

ಬರೆಯೋಕೆ ನಾಚಿಕೆ ಆಗುತ್ತಿದೆ. ಆದರೂ ಬರೆಯಲೇಬೇಕು, ಆ ಮನುಷ್ಯ ಇವತ್ತಿಗೂ ವಿಜಯನಗರದಲ್ಲಿ ಪ್ರತಿ ಭಾನುವಾರ ಮೀಟಿಂಗ್ ಮಾಡುತ್ತಿದ್ದಾನೆ.

ನಾನು ಮನೆಗಳ ಇಂಟೀರಿಯರ್ ಕೆಲಸ ಮಾಡುವವನು. 2024ರ ಜೂನ್‌ನಲ್ಲಿ ಗೆಳೆಯನೊಬ್ಬ ಅಲ್ಲಿಗೆ ಕರೆದುಕೊಂಡು ಹೋದ. ಎಲ್ಲರಿಗೂ ಒಂದು ಜೆರಾಕ್ಸ್ ಹಾಳೆ ಕೊಟ್ಟರು. ಸಂವಿಧಾನದ 265ನೇ ವಿಧಿ, ಇಂಗ್ಲಿಷಿನಲ್ಲಿ. 'ನೋ ಟ್ಯಾಕ್ಸ್ ಶಲ್ ಬಿ ಲೆವೀಡ್ ಆರ್ ಕಲೆಕ್ಟೆಡ್' ಅನ್ನುವ ಮಾತಿಗೆ ಹಳದಿ ಬಳಿದಿತ್ತು. ಹಾಳೆ ಅಲ್ಲಿಗೇ ಮುಗಿದಿತ್ತು. ಕಾಯ್ದೆಯಲ್ಲಿ 'ಪರ್ಸನ್' ಅಂದರೆ ಕಂಪನಿ, ನಮ್ಮಂಥ ಮನುಷ್ಯರಲ್ಲ ಅಂತಲೂ ಹೇಳಿದ. ನಂಬಿದೆ. 18,000 ರೂಪಾಯಿ ಕೊಟ್ಟೆ. ನೋಟರಿ ಸೀಲು ಹಾಕಿದ ಬಾಂಡ್ ಪೇಪರ್ ಸಿಕ್ಕಿತು. ಆ ವರ್ಷ ರಿಟರ್ನ್ ಹಾಕಲಿಲ್ಲ.

ಮರುವರ್ಷ ಇಲಾಖೆಯಿಂದ 142(1) ನೋಟಿಸ್ ಬಂತು, ರಿಟರ್ನ್ ಹಾಕಿ, ವಿವರ ಕೊಡಿ ಅಂತ ಕೇಳುವಂಥದ್ದು. ಉತ್ತರವಾಗಿ ಅದೇ ಬಾಂಡ್ ಪೇಪರ್ ಕಳಿಸಿದೆ, ಅವನು ಹೇಳಿದ ಹಾಗೆಯೇ. ಆಮೇಲೆ 144ರ ಆರ್ಡರ್ ಬಂತು, ಅಂದರೆ ಅಧಿಕಾರಿಯೇ ಆದಾಯ ಅಂದಾಜು ಮಾಡಿ ತೆರಿಗೆ ಹಾಕಿದ ಆದೇಶ. ಆಗ ಆಡಿಟರ್ ಹತ್ತಿರ ಓಡಿದೆ.

ಅವರು ಬೈಯಲಿಲ್ಲ. ಪುಸ್ತಕ ತೆಗೆದು 265ನೇ ವಿಧಿ ತೋರಿಸಿದರು. ಹಳದಿ ನಿಂತ ಜಾಗದ ಮುಂದೆ ಇನ್ನೂ ಐದು ಪದ ಇತ್ತು: 'ಎಕ್ಸೆಪ್ಟ್ ಬೈ ಅಥಾರಿಟಿ ಆಫ್ ಲಾ'. ಕಾನೂನಿನ ಅಧಿಕಾರ ಇಲ್ಲದೆ ತೆರಿಗೆ ಹಾಕುವಂತಿಲ್ಲ ಅಂತ ಅರ್ಥ. ನನ್ನ ಆ ವರ್ಷದ ಲೆಕ್ಕಕ್ಕೆ ಆ ಕಾನೂನೇ 1961ರ ಆದಾಯ ತೆರಿಗೆ ಕಾಯ್ದೆ. ಅದರ 2(31)ನೇ ಸೆಕ್ಷನ್ ಮೇಲೆ ಬೆರಳಿಟ್ಟರು. 'ಪರ್ಸನ್' ಪಟ್ಟಿಯಲ್ಲಿ ಮೊದಲನೆಯದೇ 'ಇಂಡಿವಿಜುವಲ್', ಕಂಪನಿ ಮೂರನೆಯದು. ಐದು ಪದ ಮುಚ್ಚಿಟ್ಟು ನನಗೆ ಟೋಪಿ ಹಾಕಿದ್ದ. ಕೂತಲ್ಲೇ ಬೆವರಿದೆ.

ಹೊಟ್ಟೆ ಉರಿಯೋದು ಇನ್ನೂ ಇದೆ. ಆ ವರ್ಷ ನನ್ನ ಕೈಗೆ ಬಂದಿದ್ದು ಒಟ್ಟು 13.5 ಲಕ್ಷ. "ನಿಮ್ಮಂಥ ವೃತ್ತಿಯವರಿಗಿರೋ 44ಎಡಿಎ ಸೆಕ್ಷನ್ ಪ್ರಕಾರ ಅರ್ಧವನ್ನು ಲಾಭ ಅಂತ ತೋರಿಸಬಹುದಿತ್ತಪ್ಪಾ, 6.75 ಲಕ್ಷ. ಹೊಸ ಪದ್ಧತಿಯಲ್ಲಿ ಆಗ 7 ಲಕ್ಷದವರೆಗೆ ತೆರಿಗೆ ಸೊನ್ನೆ," ಅಂದರು ಆಡಿಟರ್. ದುಡ್ಡು ಕೊಡುವಾಗಲೇ ತೆರಿಗೆ ಅಂತ ಕಟ್ಟಾಗಿದ್ದ ಟಿಡಿಎಸ್ 60,000 ವಾಪಸ್ ಬರುತ್ತಿತ್ತು. ಡಿಸೆಂಬರ್ 31ರೊಳಗೆ 5,000 ಲೇಟ್ ಫೀ ಕಟ್ಟಿ ರಿಟರ್ನ್ ಹಾಕಿದ್ದರೂ ಸಾಕಿತ್ತು. ಈಗ ಪೂರ್ತಿ 13.5 ಲಕ್ಷವನ್ನೂ ಆದಾಯ ಅಂತ ಹಿಡಿದಿದ್ದಾರೆ. ಟಿಡಿಎಸ್ ಕಳೆದು, ಬಡ್ಡಿ ಸೇರಿ 90,000ದ ಹತ್ತಿರ. ದಂಡದ ನೋಟಿಸ್ ಬೇರೆ.

ಅವನಿಗೆ ಫೋನ್ ಮಾಡಿದೆ. "ಸಾರ್, ನೀವು ಪ್ಯಾನ್ ಕಾರ್ಡ್ ತಗೊಂಡಿದ್ದೀರಲ್ಲ, ಅಲ್ಲೇ ಒಪ್ಪಿಕೊಂಡ ಹಾಗಾಯ್ತು," ಅಂದ. ಇದನ್ನು ದುಡ್ಡು ತಗೊಳ್ಳುವಾಗ ಹೇಳಬಹುದಿತ್ತು ಅಲ್ವಾ? ಇನ್ನೊಂದು ಸಲ ಮಾಡಿದಾಗ "ಲೆಟರ್ ಸ್ಪೀಡ್ ಪೋಸ್ಟಲ್ಲಿ ಕಳಿಸಬಾರದಿತ್ತು, ಕೈಯಲ್ಲೇ ಕೊಡಬೇಕಿತ್ತು," ಅಂದ. 18,000 ವಾಪಸ್ ಕೇಳಿದರೆ "ಅದು ದೇಣಿಗೆ ಸಾರ್." ಆಮೇಲೆ ನಂಬರ್ ಬ್ಲಾಕ್. ರಸೀದಿಯೂ ಕೊಟ್ಟಿರಲಿಲ್ಲ, ನಾನೂ ಕೇಳಿರಲಿಲ್ಲ.

ನೋಟಿಸ್ ಬಂದಿದ್ದರೆ ಅದರ ಮೇಲಿರುವ ಡಿಐಎನ್ ನಂಬರ್ (ಆ ನೋಟಿಸ್‌ನ ಗುರುತಿನ ಸಂಖ್ಯೆ) ಹಾಕಿ ಇಲಾಖೆಯ ಪೋರ್ಟಲ್‌ನಲ್ಲಿ ಅಸಲಿಯೋ ಅಲ್ವೋ ನೋಡಿ, ನೇರ ಆಡಿಟರ್ ಹತ್ತಿರ ಹೋಗಿ. ಆರ್ಡರ್ ಬಂದ 30 ದಿನದೊಳಗೆ ಅಪೀಲು ಹಾಕಬೇಕು. ನಾನು 26ನೇ ದಿನ ಹಾಕಿದೆ. ಆ ಹಾಳೆ ನಿಮ್ಮ ಕೈಗೂ ಬಂದಿದ್ದರೆ, ಉಳಿದ ಐದು ಪದವನ್ನು ಎಲ್ಲರ ಎದುರಿಗೇ ಓದು ಅಂತ ಅವನಿಗೆ ಹೇಳಿ.