ಹಳೇ ಟಿವಿ ಕಾಮಿಡಿ ಪೂರ್ತಿ ನೋಡಲು ಯಾವ ದಾರಿ? ಡಿಸ್ಕ್, ಯೂಟ್ಯೂಬ್, ಓಟಿಟಿ, ಕ್ಯಾಸೆಟ್

ದೂರದರ್ಶನದ ಕಾಲದ ಹಾಸ್ಯ ಧಾರಾವಾಹಿಗಳನ್ನು ಮೊದಲ ಕಂತಿನಿಂದ ಕೊನೆಯ ಕಂತಿನವರೆಗೆ ಸಾಲಾಗಿ ನೋಡಬೇಕು ಅಂತ ಹೊರಟರೆ ಎಲ್ಲವೂ ಒಂದೇ ಕಡೆ ಸಿಗುವುದಿಲ್ಲ. ನಾನು ನಾಲ್ಕೂ ದಾರಿ ಹಿಡಿದು ನೋಡಿದ್ದೇನೆ. ನನ್ನ ಓಟು ಯಾವುದಕ್ಕೆ ಅಂತ ಮೊದಲೇ ಹೇಳಿಬಿಡುತ್ತೇನೆ: ಸಿಕ್ಕರೆ ಡಿವಿಡಿಗೆ. ಸಿಗುವುದೇ ಕಷ್ಟ, ತಕರಾರು ಇರುವುದೇ ಅಲ್ಲಿ.

ಡಿವಿಡಿ ಯಾಕೆ ಅಂದರೆ, ನಮ್ಮಲ್ಲಿ ಆಗ ಪ್ರಸಾರ ಆಗುತ್ತಿದ್ದದ್ದು ಪಾಲ್ ಪದ್ಧತಿಯಲ್ಲಿ. ಒಟ್ಟು 625 ಗೆರೆ, ಅದರಲ್ಲಿ ಚಿತ್ರ ಇರುವುದು 576 ಗೆರೆಗಳಲ್ಲಿ, ಸೆಕೆಂಡಿಗೆ 25 ಫ್ರೇಮು. ಪಾಲ್ ಡಿವಿಡಿಯ ಅಳತೆಯೂ 720 x 576. ಅಂದರೆ ಟೇಪಿನಲ್ಲಿ ಇದ್ದದ್ದೆಲ್ಲ ಡಿಸ್ಕಿನಲ್ಲಿ ಸರಿಯಾಗಿ ಕೂರುತ್ತದೆ. ವಿಡಿಯೋ ಟೇಪಿನಲ್ಲೇ ತೆಗೆದ ಧಾರಾವಾಹಿಯನ್ನು 4ಕೆಯಲ್ಲಿ ಕೊಡಿ ಅಂತ ಹಟ ಹಿಡಿಯುವವರನ್ನು ಕಂಡರೆ ನನಗೆ ನಗು ಬರುತ್ತದೆ, ಇಲ್ಲದ ಗೆರೆಗಳನ್ನು ಎಲ್ಲಿಂದ ತರುತ್ತಾರೆ? ಅದೇ ವಿಸಿಡಿ ಆದರೆ ಬೇಡವೇ ಬೇಡ. ಅದರ ಅಳತೆ 352 x 288, ಅಡ್ಡಕ್ಕೂ ಉದ್ದಕ್ಕೂ ಹೆಚ್ಚುಕಡಿಮೆ ಅರ್ಧ. ಯಾರಾದರೂ ಬೇಗ ಕೈ ಬೀಸಿದರೆ ಸಾಕು, ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ. ಹಳೇ ಅಂಗಡಿಗಳಲ್ಲಿ ಇವತ್ತಿಗೂ ಡಿವಿಡಿಗಿಂತ ವಿಸಿಡಿಯೇ ಜಾಸ್ತಿ ಕಣ್ಣಿಗೆ ಬೀಳುತ್ತದೆ, ಕವರ್ ನೋಡಿ ಮರುಳಾಗಬೇಡಿ.

ಡಿಸ್ಕ್ ಕೊಳ್ಳುವಾಗ ಕಂತುಗಳ ಪಟ್ಟಿ ಓದಿ. 'ಮಾಲ್ಗುಡಿ ಡೇಸ್' ಬರೀ ಕಾಮಿಡಿ ಅಲ್ಲ ನಿಜ, ಆದರೆ ಸ್ವಾಮಿಯ ಕಂತುಗಳಿಗೆ ನಗದವರು ಯಾರು? ಶಂಕರ್ ನಾಗ್ ಮಾಡಿದ್ದು 39 ಕಂತು. ಎಷ್ಟೋ ವರ್ಷ ಆದ ಮೇಲೆ ಕವಿತಾ ಲಂಕೇಶ್ ಇನ್ನೂ 15 ಮಾಡಿದರು. ಹಾಗಾಗಿ 'ಕಂಪ್ಲೀಟ್' ಅಂತ ಅಚ್ಚು ಹಾಕಿದ್ದರೂ ಒಳಗೆ ಎಷ್ಟಿದೆ ಅಂತ ಎಣಿಸಿಯೇ ದುಡ್ಡು ಕೊಡಿ.

ಇನ್ನು ಯೂಟ್ಯೂಬ್. ಪುಕ್ಕಟೆ ಸಿಗುತ್ತದೆ, ಹುಡುಕಿದರೆ ಏನಾದರೊಂದು ಬರುತ್ತದೆ, ಪ್ರಸಾರ ಭಾರತಿಯೇ ತನ್ನ ಹಳೇ ಭಂಡಾರದಿಂದ ಹಾಕುವ ವಿಡಿಯೋಗಳೂ ಅಲ್ಲಿವೆ. ಜಸ್ಪಾಲ್ ಭಟ್ಟಿಯವರ 'ಫ್ಲಾಪ್ ಶೋ' (1989) ತರಹದ್ದಕ್ಕೆ ಇದು ಸಾಕು ಅಂತ ಮೊದಲು ಅನಿಸುತ್ತದೆ, ಯಾಕೆಂದರೆ ಇರುವುದೇ ಹತ್ತು ಕಂತು. ಆದರೆ ಯಾರ್ಯಾರೋ ಹಾಕಿದ ಪ್ರತಿಗಳಲ್ಲಿ ಕತ್ತರಿ ಎಲ್ಲಿ ಆಡಿದೆ ನೋಡಿ. ಆ ಶೋನ ಟೈಟಲ್ ಕಾರ್ಡೇ ಒಂದು ಜೋಕು. ಯಾರನ್ನು ಗೇಲಿ ಮಾಡುತ್ತಾರೋ ಅವರಿಗೇ ಆ ಕಂತು ಅರ್ಪಣೆ. ನಿರ್ದೇಶನ ಅಂತ ಹಾಕುವ ಜಾಗದಲ್ಲಿ 'ಮಿಸ್‌ಡೈರೆಕ್ಟೆಡ್ ಬೈ' ಅಂತ ಹಾಕಿ ಕೆಳಗೆ ತಮ್ಮದೇ ಹೆಸರು. ಕೊನೆಯಲ್ಲಿ ಸಿನಿಮಾ ಹಾಡಿನ ಧಾಟಿಯಲ್ಲಿ ಒಂದು ಅಣಕು ಹಾಡು. ನಾನು ನೋಡಿದ ಒಂದು ಪ್ರತಿಯಲ್ಲಿ ಟೈಟಲ್ ಮಾಯ, ಹಾಡು ಶುರುವಾಗುವಷ್ಟರಲ್ಲಿ ವಿಡಿಯೋ ಮುಗಿದೇ ಹೋಯಿತು. ಹತ್ತಕ್ಕೆ ಹತ್ತೂ ಇದೆ ಅಂತ ಲೆಕ್ಕ ತೋರಿಸಬಹುದು, ನಗು ಮಾತ್ರ ಹಿಂದೆ ಮುಂದೆ ಕತ್ತರಿಸಿಹೋಗಿದೆ.

ಇನ್ನೊಂದು ಪಿಡುಗು ಅಂದರೆ ಚೌಕದ ಚಿತ್ರವನ್ನು ಅಗಲ ಮಾಡುವುದು. ಆಗಿನ ಚಿತ್ರ 4:3, ಈಗಿನ ಟಿವಿ 16:9. ಎರಡು ಪಕ್ಕದಲ್ಲಿ ಕಪ್ಪು ಪಟ್ಟಿ ಬಿಟ್ಟರೆ ಮುಗಿಯಿತು, ಅಲ್ವಾ? ಅದನ್ನು ಬಿಟ್ಟು ಕೆಲವರು ಎಳೆದು ಎಲ್ಲರನ್ನೂ ದಪ್ಪ ಮಾಡುತ್ತಾರೆ, ಇನ್ನು ಕೆಲವರು ಮೇಲೆ ಕೆಳಗೆ ಕತ್ತರಿಸಿ ಚಿತ್ರದ ಕಾಲು ಭಾಗವನ್ನೇ ಬಿಸಾಕುತ್ತಾರೆ. ಕಾಮಿಡಿಯಲ್ಲಿ ನಟ ಕೈಯಲ್ಲಿ ಏನು ಹಿಡಿದಿದ್ದಾನೆ ಅನ್ನುವುದೇ ಎಷ್ಟೋ ಸಲ ತಮಾಷೆ. ಆ ಕೈ ಫ್ರೇಮಿನ ಆಚೆ ಹೋಗಿರುತ್ತದೆ. ಕಾಪಿರೈಟ್ ಹಿಡಿತ ತಪ್ಪಿಸಿಕೊಳ್ಳಲು ಧ್ವನಿಯನ್ನು ಒಂಚೂರು ಏರಿಸಿ ಹಾಕುವವರಂತೂ ಇದ್ದೇ ಇದ್ದಾರೆ, ಎಲ್ಲರೂ ನೆಗಡಿ ಹಿಡಿದ ಮಕ್ಕಳ ಹಾಗೆ ಮಾತಾಡುತ್ತಾರೆ.

ಕಂತು ಬಿಟ್ಟುಹೋದರೆ ನಷ್ಟ ಎಷ್ಟು ಅನ್ನುವುದು ಧಾರಾವಾಹಿಯ ಮೇಲೆ ಹೋಗುತ್ತದೆ. 1984ರ 'ಯೇ ಜೋ ಹೈ ಜಿಂದಗಿ'ಯನ್ನೇ ತೆಗೆದುಕೊಳ್ಳಿ. ಶರದ್ ಜೋಶಿ ಬರವಣಿಗೆ, ಶಫಿ ಇನಾಮ್‌ದಾರ್, ಸ್ವರೂಪ್ ಸಂಪತ್, ರಾಕೇಶ್ ಬೇಡಿ. ಸತೀಶ್ ಶಾ ಮಾತ್ರ ಕಂತಿಗೊಂದು ಹೊಸ ಪಾತ್ರದಲ್ಲಿ ಬರುತ್ತಿದ್ದರು. ಅಲ್ಲಿ ಒಂದು ಕಂತು ಸಿಗಲಿಲ್ಲ ಅಂದರೆ ಅವರ ಒಂದು ವೇಷವೇ ಹೋದ ಹಾಗೆ. ಪೂರ್ತಿ ಸೆಟ್ ನನಗೆ ಯಾವ ದಾರಿಯಲ್ಲೂ ಸಿಕ್ಕಿಲ್ಲ. ಆಗಿನ ಪ್ರಾಯೋಜಿತ ಧಾರಾವಾಹಿಗಳಲ್ಲಿ ಎಷ್ಟೋ ಖಾಸಗಿ ನಿರ್ಮಾಪಕರು ಮಾಡಿದಂಥವು, ಪ್ರಸಾರ ಮಾತ್ರ ದೂರದರ್ಶನದ್ದು. ಹಕ್ಕು ಒಬ್ಬರ ಹತ್ತಿರ, ಟೇಪು ಇನ್ನೊಬ್ಬರ ಹತ್ತಿರ ಅಂತ ಆದರೆ ಡಿಸ್ಕ್ ಮಾಡುವ ಉಸಾಬರಿ ಯಾರಿಗೆ ಬೇಕು?

ಓಟಿಟಿ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕ್ರಮ ಚೆನ್ನಾಗಿರುತ್ತದೆ, ಎಲ್ಲಿ ನಿಲ್ಲಿಸಿದಿರಿ ಅನ್ನುವುದು ನೆನಪಿರುತ್ತದೆ. ಲೈಸೆನ್ಸ್ ಮುಗಿದ ದಿನ ಹೇಳದೆ ಕೇಳದೆ ಹೋಗುತ್ತದೆ. 65 ಕಂತಿನ 'ದೇಖ್ ಭಾಯ್ ದೇಖ್' ತರಹದ್ದನ್ನು ನಿಧಾನಕ್ಕೆ ನೋಡುವ ನನ್ನಂಥವರಿಗೆ ಇದು ಕಷ್ಟ. 2024ರ ನವೆಂಬರಿನಲ್ಲಿ ಪ್ರಸಾರ ಭಾರತಿ 'ವೇವ್ಸ್' ಅಂತ ತನ್ನದೇ ಓಟಿಟಿ ತೆರೆದ ಮೇಲೆ ಸ್ವಲ್ಪ ಆಸೆ ಬಂದಿದೆ, ಬೇರೆಯವರ ಲೈಸೆನ್ಸ್ ಗೊಡವೆ ಅಲ್ಲಿ ಕಡಿಮೆ ಇರಬೇಕು.

ಕನ್ನಡಕ್ಕೆ ಬಂದರೆ ಕಥೆಯೇ ಬೇರೆ. ಸಿಹಿಕಹಿ ಚಂದ್ರು ಅವರ 'ಪಾಪ ಪಾಂಡು', ವಿಜಯ ಪ್ರಸಾದ್ ಅವರ 'ಸಿಲ್ಲಿ ಲಲ್ಲಿ' ಎರಡೂ ಈಟೀವಿ ಕನ್ನಡದಲ್ಲಿ ವರ್ಷಗಟ್ಟಲೆ ಓಡಿದವು. ಅಷ್ಟು ಕಂತುಗಳನ್ನು ಡಿಸ್ಕಿಗೆ ಹಾಕಿದರೆ ಬೀರು ತುಂಬಬೇಕು, ಆ ಲೆಕ್ಕದಲ್ಲಿ ಡಿವಿಡಿ ಇಲ್ಲಿ ಸೋತಿತು. 2015ರಲ್ಲಿ ಚಾನೆಲ್ಲಿನ ಹೆಸರೇ ಕಲರ್ಸ್ ಕನ್ನಡ ಆಯಿತು, ಆಮೇಲೆ ಎರಡೂ ಧಾರಾವಾಹಿಗಳು ಕಲರ್ಸ್ ಸೂಪರ್‌ನಲ್ಲಿ ಹೊಸದಾಗಿ ಬಂದವು. ಈಗ ಹೆಸರು ಹಾಕಿ ಹುಡುಕಿದರೆ ಹೊಸದು ಹಳೆಯದು ಕಲಸಿಹೋಗಿ ಬರುತ್ತದೆ. ಡಾಕ್ಟರ್ ವಿಠಲ್ ರಾವ್ ಆಗಿ ರವಿಶಂಕರ್ ಗೌಡ ಕಂಡರೆ ಅದು ಹಳೆಯ 'ಸಿಲ್ಲಿ ಲಲ್ಲಿ' ಅಂತ ನಾನು ಗುರುತು ಇಟ್ಟುಕೊಂಡಿದ್ದೇನೆ. ಸಾಲಾಗಿ ನೋಡುವ ಆಸೆ ಇಲ್ಲಿ ಬಿಟ್ಟುಬಿಡಿ, ಒಂದೊಂದು ಕಂತು ಅದರ ಪಾಡಿಗೆ ಅದು ನಗಿಸುತ್ತದೆ.

ಕೊನೆಯದು ಮನೆಯಲ್ಲೇ ರೆಕಾರ್ಡ್ ಮಾಡಿದ ವಿಎಚ್‌ಎಸ್ ಕ್ಯಾಸೆಟ್. ಚಿತ್ರದ ಗುಣಮಟ್ಟದಲ್ಲಿ ಡಿವಿಡಿಗಿಂತ ತುಂಬಾ ಕೆಳಗೆ, ಸುಮಾರು 240 ಗೆರೆಯಷ್ಟು ವಿವರ, ಬಣ್ಣ ಪಕ್ಕಕ್ಕೆ ಸೋರಿರುತ್ತದೆ. ಆದರೆ ಜಾಹೀರಾತು, ಟೈಟಲ್, 'ಅಡಚಣೆಗಾಗಿ ಕ್ಷಮಿಸಿ' ಎಲ್ಲ ಹಾಗೇ ಇರುತ್ತದೆ, ಕತ್ತರಿ ಬಿದ್ದಿರುವುದಿಲ್ಲ. ರಮೇಶ್ ಭಟ್ ಅವರ 'ಕ್ರೇಜಿ ಕರ್ನಲ್' ತರಹದ್ದಕ್ಕೆ ನಾನು ಈಗ ನೆಚ್ಚಿಕೊಂಡಿರುವುದು ಇದನ್ನೇ. ನಿಮ್ಮ ಅಟ್ಟದಲ್ಲಿ ಅಂಥ ಕ್ಯಾಸೆಟ್ ಇದ್ದರೆ ಸುಮ್ನೆ ಪ್ಲೇಯರಿಗೆ ತುರುಕಬೇಡಿ. ಮೊದಲು ಕಿಟಕಿಯ ಬೆಳಕಿನಲ್ಲಿ ಟೇಪಿನ ಅಂಚು ನೋಡಿ. ಬಿಳಿ ಬೂಷ್ಟು ಕಂಡರೆ ಕ್ಲೀನ್ ಮಾಡಿಸಿಯೇ ಓಡಿಸಿ, ಇಲ್ಲದಿದ್ದರೆ ಟೇಪೂ ಹೋಗುತ್ತದೆ, ಪ್ಲೇಯರಿನ ಹೆಡ್ಡೂ ಕೊಳೆಯಾಗುತ್ತದೆ. ಕಂಪ್ಯೂಟರಿಗೆ ಇಳಿಸುವಾಗ 4:3 ಹಾಗೇ ಇರಲಿ, ಜಾಹೀರಾತನ್ನೂ ತೆಗೆಯಬೇಡಿ.