ಮನೆ ಬಾಗಿಲಿನ ಮತಪೆಟ್ಟಿಗೆ, ಮತಗಟ್ಟೆಯ ಕುರ್ಚಿ: ಸಂಧಿವಾತ ರೋಗಿಯೊಬ್ಬಳು ಕಂಡ ಚುನಾವಣಾ ಸೌಲಭ್ಯಗಳು

2024ರ ಲೋಕಸಭಾ ಚುನಾವಣೆಯಲ್ಲಿ ಹಿರಿಯರಿಗೂ ದೇಹದಲ್ಲಿ ಶಕ್ತಿಯಿಲ್ಲದವರಿಗೂ ಒದಗಿಸಿದ್ದ ಸೌಲಭ್ಯಗಳನ್ನು ನಮ್ಮ ಮನೆಯಲ್ಲಿ ಇಬ್ಬರು ಬಳಸಿದೆವು. 85 ದಾಟಿದ ನಮ್ಮ ಅತ್ತೆ ಮನೆಯಲ್ಲೇ ಕೂತು ಮತ ಹಾಕಿದರು. ರುಮಟಾಯ್ಡ್ ಸಂಧಿವಾತವಿರುವ ನಾನು ಮತಗಟ್ಟೆಗೆ ಹೋಗಿ ಹಾಕಿದೆ. ಮನೆಯಿಂದ ಮತದಾನದ ವ್ಯವಸ್ಥೆಗೆ ನಾನು ಕಣ್ಣು ಮುಚ್ಚಿಕೊಂಡು ಪೂರ್ತಿ ಅಂಕ ಕೊಡುತ್ತೇನೆ. ಮತಗಟ್ಟೆಯ ವ್ಯವಸ್ಥೆಗೆ ಅಷ್ಟು ಕೊಡಲಾರೆ. ಅಲ್ಲಿ ರೋಗಿಗೆ ಸಿಗುವ ಅನುಕೂಲವೆಲ್ಲ ಆ ಹೊತ್ತಿಗೆ ಬಾಗಿಲಲ್ಲಿ ಯಾರು ನಿಂತಿರುತ್ತಾರೆ ಎಂಬುದರ ಮೇಲೆ ನಿಂತಿದೆ.

ಮೊದಲು ಅತ್ತೆಯ ವಿಷಯ. ಕರ್ನಾಟಕದಲ್ಲಿ 2023ರ ವಿಧಾನಸಭಾ ಚುನಾವಣೆಯಲ್ಲಿ ಮನೆಯಿಂದ ಮತ ಹಾಕುವ ಸೌಲಭ್ಯ 80 ವರ್ಷ ದಾಟಿದವರಿಗಿತ್ತು. 2024ರಲ್ಲಿ ವಯಸ್ಸಿನ ಮಿತಿಯನ್ನು 85ಕ್ಕೆ ಏರಿಸಿದರು. ಶೇ 40ಕ್ಕಿಂತ ಕಡಿಮೆಯಿಲ್ಲದ ಅಂಗವೈಕಲ್ಯದ ಪ್ರಮಾಣಪತ್ರ ಇದ್ದವರಿಗೂ ಇದು ಉಂಟು. ತಾನಾಗಿ ಬರುವುದಿಲ್ಲ, ಕೇಳಿ ಪಡೆಯಬೇಕು. ನಮೂನೆ 12ಡಿ ಎಂಬ ಅರ್ಜಿಯನ್ನು ತುಂಬಿ, ಅಧಿಸೂಚನೆ ಹೊರಬಿದ್ದ ಐದು ದಿನಗಳೊಳಗೆ ಕೊಡಬೇಕು. ನಮ್ಮದು ಮೇ 7ರಂದು ಮತದಾನ ನಡೆದ, ರಾಜ್ಯದ ಎರಡನೆಯ ಹಂತದ ಕ್ಷೇತ್ರ. ಏಪ್ರಿಲ್ 12ಕ್ಕೆ ಅಧಿಸೂಚನೆ ಬಂತು. ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಆಗಿದ್ದ ಶಿಕ್ಷಕಿ ಅದಕ್ಕೂ ಮೊದಲೇ ಬಂದು ಅರ್ಜಿ ಕೊಟ್ಟು, ಒಮ್ಮೆ ಇದನ್ನು ಒಪ್ಪಿಕೊಂಡರೆ ಮತಗಟ್ಟೆಯಲ್ಲಿ ಹಾಕಲು ಬರುವುದಿಲ್ಲ ಎಂಬುದನ್ನೂ ಅತ್ತೆಗೆ ಬಿಡಿಸಿ ಹೇಳಿ ಹೋದರು.

ಹೇಳಿದ ದಿನ ತಂಡ ಬಂತು. ಇಬ್ಬರು ಮತಗಟ್ಟೆ ಅಧಿಕಾರಿಗಳು, ಒಬ್ಬ ಪೊಲೀಸ್, ಒಬ್ಬ ವಿಡಿಯೋಗ್ರಾಫರ್. ಅತ್ತೆ ಬೆಳಿಗ್ಗೆಯೇ ಇಳಕಲ್ ಸೀರೆ ಉಟ್ಟು ಕಾಯುತ್ತಿದ್ದರು. ಊಟದ ಮೇಜಿನ ಮೇಲೆ ರಟ್ಟಿನ ಮರೆ ನಿಂತಿತು. ನಮ್ಮನ್ನೆಲ್ಲ ಒಳಕೋಣೆಗೆ ಕಳಿಸಿದರು, ಮಗನೂ ಇಣುಕುವಂತಿರಲಿಲ್ಲ. ಗುರುತು ಹಾಕುವಾಗ ಕ್ಯಾಮೆರಾವನ್ನು ಬೇರೆ ಕಡೆ ತಿರುಗಿಸಿದರು ಎಂದು ಅತ್ತೆ ಆಮೇಲೆ ಮೂರು ಮನೆಗೆ ಕೇಳುವಂತೆ ಹೇಳಿದರು. ನಡುಗುವ ಬೆರಳಿನಲ್ಲಿ ಮತಪತ್ರವನ್ನು ಮಡಚಿ, ಲಕೋಟೆಗೆ ಹಾಕಿ, ಘೋಷಣಾಪತ್ರಕ್ಕೆ ಸಹಿ ಮಾಡುವಷ್ಟರಲ್ಲಿ ತುಂಬ ಹೊತ್ತಾಯಿತು. ಯಾರೂ ಅವಸರ ಮಾಡಲಿಲ್ಲ, ಕೈಯಿಂದ ಕಾಗದ ಕಿತ್ತುಕೊಳ್ಳಲಿಲ್ಲ. ಔಷಧಿ ಅಂಗಡಿಯಲ್ಲಿ, ಬ್ಯಾಂಕಿನಲ್ಲಿ, ಆಸ್ಪತ್ರೆಯ ಕೌಂಟರಿನಲ್ಲಿ "ಬೇಗ ಬೇಗ" ಎಂಬ ಮಾತನ್ನೇ ಕೇಳಿಸಿಕೊಂಡು ಬಂದಿರುವ ನನಗೆ ಆ ಮೌನದ ಮರ್ಯಾದೆ ಬಹಳ ದೊಡ್ಡದೆನಿಸಿತು. ಮೊದಲ ಸಲ ಬಂದಾಗ ಮತದಾರರು ಸಿಗದಿದ್ದರೆ ತಂಡ ಇನ್ನೊಮ್ಮೆ ಬರುತ್ತದೆ. ಆಸ್ಪತ್ರೆಗೆ ಓಡಾಡುವವರಿಗೆ ಇದು ಮುಖ್ಯ.

ಈಗ ನನ್ನಂಥವರ ವಿಷಯ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಪಟ್ಟಿ ಮಾಡಿದೆ. ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್, ಹಿಮೋಫಿಲಿಯಾ, ಥಲಸೇಮಿಯಾ, ಕುಡಗೋಲು ಕಣ ರೋಗ ಅದರಲ್ಲಿವೆ. ಸಂಧಿವಾತದ ಹೆಸರಿಲ್ಲ, ಕೀಲುಗಳು ಸೊಟ್ಟಗಾಗಿ ಚಲನೆಗೆ ಅಡ್ಡಿಯಾದ ಮೇಲೆ ಆ ನಷ್ಟವನ್ನು ಅಳೆದು ಪ್ರಮಾಣಪತ್ರ ಕೊಡಬಹುದು ಅಷ್ಟೆ. ಮೂತ್ರಪಿಂಡ ಸೋತವರ ಹೆಸರೂ ಇಲ್ಲ. ವಾರಕ್ಕೆ ಮೂರು ಸಲ, ಒಂದೊಂದು ಸಲಕ್ಕೆ ನಾಲ್ಕು ಗಂಟೆ ಡಯಾಲಿಸಿಸ್ ಯಂತ್ರದ ಪಕ್ಕ ಮಲಗುವ ಮನುಷ್ಯ ಮತದಾನದ ದಿನ ಬೆಳಿಗ್ಗೆ ಯಂತ್ರದಿಂದ ಎದ್ದು, ತಲೆಸುತ್ತಿನಲ್ಲೇ ಬಿಸಿಲಿಗೆ ಹೋಗಿ ಸಾಲಿನಲ್ಲಿ ನಿಲ್ಲಬೇಕು. ನಿಯಮ ಶಾಶ್ವತ ನಷ್ಟವನ್ನು ಅಳೆಯುತ್ತದೆ. ನಮ್ಮ ಕಾಯಿಲೆಗಳದು ಏರಿಳಿತದ ಬದುಕು: ಸೋಮವಾರ ಮೆಟ್ಟಿಲು ಹತ್ತುತ್ತೇನೆ, ಬುಧವಾರ ಬಾಗಿಲ ಚಿಲಕ ತೆಗೆಯಲಾಗುವುದಿಲ್ಲ. ಶೇಕಡಾವಾರು ಲೆಕ್ಕದಲ್ಲಿ ಬುಧವಾರಕ್ಕೆ ಜಾಗವಿಲ್ಲ. ಈ ನಿಯಮ ಬದಲಾಗಬೇಕು. ಚಿಕಿತ್ಸೆ ಕೊಡುತ್ತಿರುವ ವೈದ್ಯರ ಪತ್ರವನ್ನೂ ಒಪ್ಪುವಂತಾಗಬೇಕು.

ಚುನಾವಣೆಯ ಋತು ಮತದಾನದ ದಿನಕ್ಕಿಂತ ಎಷ್ಟೋ ಮೊದಲೇ ನಮ್ಮ ಮೈಗೆ ಹತ್ತುತ್ತದೆ. ಬಾಗಿಲು ಬಡಿದವರಿಗೆಲ್ಲ ಎದ್ದು ಹೋಗಬೇಕು. ಬೆಳಗಿನ ಬಿಗಿತದಲ್ಲಿ ಮಂಚದಿಂದ ಬಾಗಿಲಿನವರೆಗಿನ ದಾರಿ ದೊಡ್ಡದು. ಧ್ವನಿವರ್ಧಕಕ್ಕೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ನಿಷೇಧವಿದೆ, ಅದು ನಮ್ಮ ಬೀದಿಯಲ್ಲಿ ಪಾಲನೆಯಾಯಿತು. ಹಗಲು ಮಲಗಬೇಕಾದವರಿಗೆ ಮಾತ್ರ ರಕ್ಷಣೆಯಿಲ್ಲ. ರೋಡ್ ಶೋ ಇದ್ದ ದಿನ ಆಸ್ಪತ್ರೆಯ ಸಮಯ ಗೊತ್ತುಮಾಡಿಕೊಳ್ಳಬೇಡಿ. ಇನ್ನೊಂದು ಮಾತು: ನೀತಿಸಂಹಿತೆ ಜಾರಿಯಲ್ಲಿರುವಾಗ 50,000 ರೂಪಾಯಿಗಿಂತ ಹೆಚ್ಚು ನಗದು ಒಯ್ಯುವವರು ದಾಖಲೆ ತೋರಿಸಬೇಕಾಗುತ್ತದೆ. ಶಸ್ತ್ರಚಿಕಿತ್ಸೆಗೆ ಹಣ ಕಟ್ಟಲು ಹೊರಟವರು ಆಸ್ಪತ್ರೆಯ ಅಂದಾಜು ಪಟ್ಟಿಯನ್ನೂ ಬ್ಯಾಂಕಿನ ಚೀಟಿಯನ್ನೂ ಹಣದ ಜೊತೆಗೇ ಇಟ್ಟುಕೊಳ್ಳಲಿ.

ನಾನು ಸಂಧಿವಾತಕ್ಕೆ ಮೆಥೊಟ್ರೆಕ್ಸೇಟ್ ಎಂಬ ಮಾತ್ರೆ ತೆಗೆದುಕೊಳ್ಳುವುದು ವಾರಕ್ಕೊಮ್ಮೆ, ಭಾನುವಾರ ರಾತ್ರಿ. ಮರುದಿನವೆಲ್ಲ ಹೊಟ್ಟೆ ತೊಳಸು, ಮೈ ಭಾರ. ಮತದಾನ ಮಂಗಳವಾರ ಬಂದದ್ದು ನನ್ನ ಪುಣ್ಯ. ಸೋಮವಾರ ಬಂದಿದ್ದರೆ ಮಾತ್ರೆಯ ದಿನವನ್ನು ಬದಲಿಸಬಹುದೇ ಎಂದು ವೈದ್ಯರನ್ನು ಕೇಳಬೇಕಿತ್ತು. ಮತದಾನದ ದಿನ ರಜೆ, ಆದ್ದರಿಂದ ರಕ್ತಪರೀಕ್ಷೆಯನ್ನೂ ಔಷಧಿ ಖರೀದಿಯನ್ನೂ ವಾರ ಮೊದಲೇ ಮುಗಿಸಿಕೊಂಡಿದ್ದೆ. ಮತದಾನ ಬೆಳಿಗ್ಗೆ 7ಕ್ಕೆ ಶುರು. ತಂಪು ಹೊತ್ತು ಎಂದು ಎಲ್ಲರೂ ಆಗಲೇ ಹೋಗಿ ಎನ್ನುತ್ತಾರೆ, ಆದರೆ ಆ ಹೊತ್ತಿಗೆ ನನ್ನ ಬೆರಳುಗಳು ಬ್ರಷ್ ಹಿಡಿಯುವುದಿಲ್ಲ. ಹತ್ತರ ಮೇಲೆ ಮೇ ತಿಂಗಳ ಬಿಸಿಲು. ನನಗೆ ಉಳಿದದ್ದು ಸಂಜೆ ನಾಲ್ಕರ ನಂತರದ ಹೊತ್ತು.

ಮತಗಟ್ಟೆ ಒಂದು ಶಾಲೆ. ಇಳಿಜಾರು ಕಟ್ಟಿದ್ದರು, ಕೈಹಿಡಿ ಇರಲಿಲ್ಲ. ಗಾಲಿಕುರ್ಚಿ ಇತ್ತು. ನೆರಳಿಗೆ ಶಾಮಿಯಾನ, ಕುಡಿಯುವ ನೀರು, ಸಹಾಯ ಮೇಜು ಎಲ್ಲವೂ ಇದ್ದವು. ಇಲ್ಲದಿದ್ದದ್ದು ಸಾಲಿನಲ್ಲಿ ಕೂರಲು ಕುರ್ಚಿ. ಆದ್ಯತೆ ಕೇಳಿದಾಗ ಬಾಗಿಲಲ್ಲಿದ್ದವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಿಮಗೇನಾಗಿದೆ? ಚೆನ್ನಾಗೇ ಇದ್ದೀರಲ್ಲ" ಎಂದರು. ಕೈ ಮುಂದೆ ಚಾಚಿ ಗೆಣ್ಣುಗಳನ್ನು ತೋರಿಸಿದೆ. ಸಾಲಿನಲ್ಲಿದ್ದವರೆಲ್ಲ ನೋಡಿದರು. ನಲವತ್ತರ ಆಸುಪಾಸಿನ ಹೆಂಗಸು ತನ್ನ ಕಾಯಿಲೆಯನ್ನು ಬೀದಿಯಲ್ಲಿ ಸಾಬೀತು ಮಾಡಬೇಕಾಗುವುದು ಎಂಥ ಸಂಕಟ ಎಂಬುದು ಅನುಭವಿಸಿದವರಿಗೇ ಗೊತ್ತು. ಅಷ್ಟರಲ್ಲಿ ಸ್ವಯಂಸೇವಕ ಹುಡುಗಿಯೊಬ್ಬಳು ತರಗತಿಯೊಳಗಿನಿಂದ ಪ್ಲಾಸ್ಟಿಕ್ ಕುರ್ಚಿ ಹೊತ್ತು ತಂದು, "ನೀವು ಕೂತಿರಿ ಅಕ್ಕ, ನಿಮ್ಮ ಸರದಿ ನಾನು ಕಾಯುತ್ತೇನೆ" ಎಂದಳು. ನನಗೆ ಬೇಕಾಗಿದ್ದದ್ದು ಅದೇ. ಮುಂದೆ ಹೋಗುವ ಆಸೆ ನನಗಿರಲಿಲ್ಲ, ನಿಲ್ಲದೇ ಕಾಯುವ ಅವಕಾಶ ಸಾಕಿತ್ತು.

ಒಳಗಿನ ಕೆಲಸ ಸಲೀಸು. ರಿಜಿಸ್ಟರಿನಲ್ಲಿ ಸಹಿ ಮಾಡಲು ಸಣ್ಣ ಬಾಲ್‌ಪೆನ್ ಕೊಟ್ಟರು, ನಾನು ರಬ್ಬರ್ ಸುತ್ತಿದ ನನ್ನ ದಪ್ಪ ಪೆನ್ನನ್ನೇ ಒಯ್ದಿದ್ದೆ. ಸಹಿ ಸಾಧ್ಯವೇ ಇಲ್ಲದವರು ಹೆಬ್ಬೆಟ್ಟು ಒತ್ತಬಹುದು. ಎಡ ತೋರುಬೆರಳಿಗೆ ಮೈಸೂರಿನ ಶಾಯಿ ಹಚ್ಚುವಾಗ ಅಧಿಕಾರಿ ಬೆರಳನ್ನು ಎಳೆದು ನೆಟ್ಟಗೆ ಮಾಡಲು ಹೋಗಲಿಲ್ಲ. ಬಾಗಿದ ಬೆರಳಿಗೆ ತಾವೇ ಬಾಗಿ, ಉಗುರಿನಿಂದ ಚರ್ಮದವರೆಗೆ ಗೆರೆ ಎಳೆದರು. ಮತಯಂತ್ರದ ನೀಲಿ ಗುಂಡಿ ಸ್ವಲ್ಪ ಗಟ್ಟಿ. ಬೆರಳ ತುದಿಯಲ್ಲಿ ಬಲ ಸಾಲದೆ ಗೆಣ್ಣಿನಿಂದ ಒತ್ತಿದೆ. ಕೆಂಪು ದೀಪ ಹೊತ್ತಿತು, ಹಾಕಿದ ಮತವನ್ನು ಕಾಗದದಲ್ಲಿ ತೋರಿಸುವ ವಿವಿಪ್ಯಾಟ್ ಯಂತ್ರದ ಗಾಜಿನ ಹಿಂದೆ ಚೀಟಿ ಏಳು ಸೆಕೆಂಡು ನಿಂತು ಬಿತ್ತು. ಒಂದು ಕ್ಷಣ ನೋವು ಮರೆತುಹೋಯಿತು ಎಂದರೆ ಉತ್ಪ್ರೇಕ್ಷೆಯಲ್ಲ.

ಗುಂಡಿ ಒತ್ತಲೂ ಆಗದವರಿಗೆ ದಾರಿಯಿದೆ. ಚುನಾವಣಾ ನಿಯಮಗಳ 49ಎನ್ ಪ್ರಕಾರ ದೃಷ್ಟಿಯಿಲ್ಲದವರು ಮತ್ತು ದೈಹಿಕವಾಗಿ ಅಶಕ್ತರು 18 ತುಂಬಿದ ಸಂಗಾತಿಯೊಬ್ಬರನ್ನು ಜೊತೆಗೆ ಕರೆದೊಯ್ಯಬಹುದು. ಮತಗಟ್ಟೆಯ ಅಧ್ಯಕ್ಷಾಧಿಕಾರಿಗೆ ತಿಳಿಸಿ ಅನುಮತಿ ಪಡೆಯಬೇಕು. ಆ ಸಂಗಾತಿ ಗುಟ್ಟು ಕಾಯುವುದಾಗಿ ಬರೆದುಕೊಡಬೇಕು, ಅದೇ ದಿನ ಇನ್ನೊಬ್ಬರಿಗೆ ಸಂಗಾತಿಯಾಗುವಂತಿಲ್ಲ. ಇದಕ್ಕೆ ಶೇ 40ರ ಪ್ರಮಾಣಪತ್ರದ ಷರತ್ತು ನಿಯಮದಲ್ಲಿಲ್ಲ. ನಮ್ಮ ಬೀದಿಯಲ್ಲಿ ಕೀಲುನೋವಿನ ಎಷ್ಟೋ ಹೆಂಗಸರಿಗೆ ಇದು ಗೊತ್ತೇ ಇರಲಿಲ್ಲ. ಸುಮ್ಮನೆ ಮನೆಯಲ್ಲಿ ಉಳಿದುಬಿಟ್ಟಿದ್ದರು.

ಪ್ರಮಾಣಪತ್ರ ಇರುವವರು 2024ರಲ್ಲಿ ಗಾಲಿಕುರ್ಚಿಯನ್ನು ಚುನಾವಣಾ ಆಯೋಗದ ಸಕ್ಷಮ್ ಆ್ಯಪ್‌ನಲ್ಲಿ ಮೊದಲೇ ಕೇಳಬಹುದಿತ್ತು. ಮೊಬೈಲ್ ಬಾರದವರಿಗೆ 1950 ಸಹಾಯವಾಣಿ ಇದೆ. ಉಳಿದವರು ಮಡಚುವ ಸಣ್ಣ ಮಣೆಕುರ್ಚಿಯನ್ನು ತಾವೇ ಒಯ್ಯುವುದು ಒಳ್ಳೆಯದು. ಸಂಜೆ 6ರೊಳಗೆ ಸಾಲಿಗೆ ಸೇರಿದವರಿಗೆಲ್ಲ ಚೀಟಿ ಕೊಟ್ಟು, ಎಷ್ಟು ಹೊತ್ತಾದರೂ ಮತ ಹಾಕಿಸುತ್ತಾರೆ. ಆದ್ದರಿಂದ ಬೆಳಿಗ್ಗೆ ಮೈ ಏಳದಿದ್ದರೆ ಗಾಬರಿಯಾಗಬೇಡಿ, ಬಿಸಿಲು ಇಳಿದ ಮೇಲೆ ಹೊರಡಿ.